ಕಣ್ಣಿರುವ ಒಲೆ

ಚನ್ನಬಸವ್ವನ ಒಲೆ ಮತ್ತೆ ಆರಿತು. ಉರುವಲು ಮುಗಿದು ಆರಿದ್ದಲ್ಲ, ಗಾಳಿ ಬೀಸಿ ಆರಿದ್ದೂ ಅಲ್ಲ. ಒಳಗೆ ಧಗಧಗ ಉರಿಯುತ್ತಿರುವಾಗಲೇ ಕೀಂ ಕೀಂ ಎಂದು ಕೂಗಿಕೊಂಡು, ಕೆಂಪು ದೀಪ ಹಚ್ಚಿಕೊಂಡು, ತನ್ನಷ್ಟಕ್ಕೆ ತಾನೇ ಬಂದ್ ಆಯಿತು. ಹಂಚಿನ ಮೇಲಿದ್ದ ರೊಟ್ಟಿ ಅರ್ಧ ಬೆಂದು, ಅರ್ಧ ಹಸಿಯಾಗಿ ಉಳಿಯಿತು.

“ಏನ ಬ್ಯಾನಿ ಬಂದೈತಿ ನಿನಗ?” ಎಂದು ಚನ್ನಬಸವ್ವ ಒಲೆಯನ್ನೇ ಕೇಳಿದಳು. ಆ ಮನೆಯಲ್ಲಿ ಕೇಳಲು ಬೇರೆ ಯಾರೂ ಇರಲಿಲ್ಲ.

ಕೇಶ್ವಾಪುರದ ಒಳ ಓಣಿಯಲ್ಲಿ ಅವಳದು ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವ ಕೆಲಸ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸವಿದು. ಮಕ್ಕಳಿರಲಿಲ್ಲ. ಈ ಒಲೆ ಬಂದದ್ದು ಇತ್ತೀಚೆಗೆ. ಕಟ್ಟಿಗೆಯ ಹೊಟ್ಟು, ಶೇಂಗಾದ ಸಿಪ್ಪೆ ಎಲ್ಲ ಸೇರಿಸಿ ಒತ್ತಿ ಮಾಡಿದ ಸಣ್ಣ ಸಣ್ಣ ತುಂಡುಗಳೇ ಇದರ ಉರುವಲು. ಅಂಗಡಿಯವರು ಪೆಲೆಟ್ ಎಂದರೆ ಓಣಿಯ ಹೆಂಗಸರು ಗುಳಿಗಿ ಎನ್ನುತ್ತಾರೆ. ಮೇಲಿನ ಡಬ್ಬಿಗೆ ಗುಳಿಗೆ ಸುರಿದು ಗುಂಡಿ ಒತ್ತಿದರೆ ಸಾಕು, ಬೇಕಾದಷ್ಟನ್ನು ಒಲೆ ತಾನೇ ನುಂಗುತ್ತದೆ, ಒಳಗಿನ ಫ್ಯಾನು ಊದುತ್ತದೆ. ಹೊಗೆಯಿಲ್ಲ, ಊದುಗೊಳವೆಯಿಲ್ಲ. ಇಷ್ಟು ಶಾಣ್ಯಾ ಒಲೆಗೆ ಈಗ ಏನು ಧಾಡಿ ಬಂತೋ ಯಾರಿಗೂ ತಿಳಿಯದು.

ಯಾರಿಗೂ ಎಂದರೆ ಸುಳ್ಳಾದೀತು. ಚನ್ನಬಸವ್ವನಿಗೆ ತಿಳಿದಿತ್ತು, ಅಥವಾ ತಿಳಿದಿದೆ ಎಂದುಕೊಂಡಿದ್ದಳು. ಒಲೆ ಕೆಟ್ಟದ್ದು ರಾಜಬಿ ಬಿಟ್ಟು ಹೋದ ಮರುದಿನದಿಂದ. ಅದಕ್ಕಿಂತ ಹೆಚ್ಚಿನ ಸಾಕ್ಷಿ ಏನು ಬೇಕು?

ರಾಜಬಿ ಬೈರಿದೇವರಕೊಪ್ಪದಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದಳು. ಚನ್ನಬಸವ್ವ ಹಿಟ್ಟು ನಾದಿ ರೊಟ್ಟಿ ಬಡಿದರೆ, ಒಲೆ ನೋಡಿಕೊಳ್ಳುವುದು, ರೊಟ್ಟಿಗೆ ನೀರು ಸವರಿ ಮಗುಚುವುದು ರಾಜಬಿಯ ಪಾಲು. ಬಡಿಯುವ ಸಪ್ಪಳದ ನಡುವೆಯೇ ಇಬ್ಬರೂ ಊರಿನ ಸುದ್ದಿಯನ್ನೆಲ್ಲ ಮಗುಚಿ ಹಾಕುತ್ತಿದ್ದರು. ಮಧ್ಯಾಹ್ನ ಉಳಿದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಕೂಡಿಯೇ ಉಣ್ಣುತ್ತಿದ್ದರು. ಹೀಗೆ ವರ್ಷಗಳೇ ಉರುಳಿದ್ದವು. ಮೊನ್ನೆ ಲಗ್ನದ ಸುಗ್ಗಿಯಲ್ಲಿ, ಮಗಳು ಶಾಹೀನಳ ಬಾಣಂತನಕ್ಕೆಂದು ರಾಜಬಿ ಕೆಲ ದಿನ ರಜೆ ಕೇಳಿದಳು. ಆರ್ಡರು ತಲೆಯ ಮೇಲೆ ಕೂತಿದ್ದವು. ಚನ್ನಬಸವ್ವನ ಬಾಯಿಯೋ, ಕಡಿವಾಣವಿಲ್ಲದ್ದು. “ಹೋಗೂದಾದ್ರ ಪೂರಾ ಹೋಗು, ಮತ್ತ ಬರಬ್ಯಾಡ” ಎಂದುಬಿಟ್ಟಳು. ರಾಜಬಿ ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು. ತಿರುಗಿ ನೋಡಲಿಲ್ಲ. ಅದೇ ಚನ್ನಬಸವ್ವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಫೋನು ಮಾಡಿ ಬಾ ಎನ್ನಲು ನಾಲಿಗೆ ತುದಿಯವರೆಗೂ ಬರುತ್ತಿತ್ತು. ಆದರೆ ಮೊದಲು ಸೋಲುವವಳು ತಾನೇಕಾಗಬೇಕು?

ಒಲೆಯ ರಿಪೇರಿಗೆ ಅವಳು ಮಾಡದ ಉಪಾಯವಿಲ್ಲ. ಗುಳಿಗೆ ಹಸಿಯಾಗಿರಬೇಕೆಂದು ಮಾಳಿಗೆಯ ಮೇಲೆ ಹರವಿ ಒಣಗಿಸಿದಳು. ಪುಡಿ ಸಿಕ್ಕಿಕೊಂಡಿರಬೇಕೆಂದು ಜೋಳದ ಸಾಣಿಗೆಯಿಂದಲೇ ಸಾಣಿಸಿದಳು. ಬೂದಿ ಕೆರೆದಳು, ಫ್ಯಾನಿನ ರೆಕ್ಕೆಯನ್ನು ಹಳೆಯ ಬ್ರಶ್ಶಿನಿಂದ ತಿಕ್ಕಿದಳು. ಒಲೆ ಒಂದಿಷ್ಟು ಹೊತ್ತು ಉರಿದು, ಆಸೆ ಹುಟ್ಟಿಸಿ, ಮತ್ತೆ ಕೀಂ ಎನ್ನುತ್ತಿತ್ತು. ಕೊನೆಗೆ ಗೋಕುಲ ರಸ್ತೆಯ ವರ್ಕ್‌ಶಾಪಿನ ಮುಜಮ್ಮಿಲನಿಗೆ ಫೋನು ಮಾಡಿದಳು. ಒಲೆಯನ್ನು ತಂದು ಕೂಡಿಸಿದವನೇ ಅವನು.

ಮುಜಮ್ಮಿಲ ಬಂದು ಗುಂಡಿ ಒತ್ತಿದ. ಒಲೆ ಹೊಸ ಸೊಸೆಯ ಹಾಗೆ ತಲೆ ಬಗ್ಗಿಸಿಕೊಂಡು ಉರಿಯಿತು. ಅವನು ಚಹಾ ಕುಡಿದು ಮುಗಿಸುವತನಕ ಒಂದು ಸಲವೂ ಆರಲಿಲ್ಲ.

“ಛಲೋ ಐತಲ್ರಿ ಅವ್ವಾರ.”

“ನಿನ್ನ ಮುಂದ ನಾಟಕ ಮಾಡಾಕತ್ತೈತಿ ಅದು.”

ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಳು. ಮತ್ತೆ ಫೋನು, ಮತ್ತೆ ಮುಜಮ್ಮಿಲ, ಮತ್ತೆ ತಲೆ ಬಗ್ಗಿಸಿದ ಸೊಸೆ. ಕೊನೆಗೆ ಅವನು ಒಲೆಯನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿ ವರ್ಕ್‌ಶಾಪಿನಲ್ಲಿ ದಿನವಿಡೀ ಉರಿಸಿ ನೋಡಿದ. ಒಮ್ಮೆಯೂ ಆರಲಿಲ್ಲ. ತಂದು ಕೂಡಿಸಿದ ಮರುದಿನವೇ ಆರಿತು.

ಚನ್ನಬಸವ್ವನಿಗೆ ಇನ್ನು ಅನುಮಾನ ಉಳಿಯಲಿಲ್ಲ. “ಹೋಗೂಮುಂದ ರಾಜಬಿ ಏನೋ ಮಾಡಿ ಹೋಗ್ಯಾಳ” ಎಂದು ನಳದ ಕಟ್ಟೆಯಲ್ಲಿ ಹೇಳಿದಳು. ರೊಟ್ಟಿ ಒಯ್ಯಲು ಬಂದ ಖಾನಾವಳಿಯವರ ಮುಂದೆ ಹೇಳಿದಳು. ಮುಜಮ್ಮಿಲನ ಮುಂದೆಯೂ ಹೇಳಿದಳು. ನಟ್ಟು ತಿರುಗಿಸುತ್ತಿದ್ದ ಅವನ ಪಾನಾ ಒಂದು ಕ್ಷಣ ನಿಂತಿತು.

“ಖಾಲಾ ಅಂಥಾಕಿ ಅಲ್ರಿ,” ಎಂದ ಅವನು ಮೆಲ್ಲಗೆ. ರಾಜಬಿಯನ್ನು ಅವನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ.

“ನಿನಗೇನ ಗೊತ್ತು? ಜತಿಗೆ ಕೆಲಸ ಮಾಡಿದಾಕಿ ನಾ.”

ಹಾಗೆನ್ನುವಾಗ ಅವಳಿಗೆ ಒಂದು ಬಗೆಯ ಸಮಾಧಾನವೂ ಆಗುತ್ತಿತ್ತು. ಅದನ್ನು ಮುಚ್ಚಿಡುವುದೇಕೆ? ರಾಜಬಿ ಬಂದು ಇದನ್ನೆಲ್ಲ ಕೇಳಿ ಜಗಳಕ್ಕಾದರೂ ನಿಲ್ಲಲಿ ಎಂಬ ಆಸೆ ಒಳಗೆಲ್ಲೋ ಇತ್ತು. ಆದರೆ ಯಾರೂ ಬರಲಿಲ್ಲ. ಮಧ್ಯಾಹ್ನ ಒಬ್ಬಳೇ ಉಣ್ಣಲು ಕೂತರೆ ರೊಟ್ಟಿ ಮುರಿಯುವ ಸಪ್ಪಳವೇ ದೊಡ್ಡದಾಗಿ ಕೇಳುತ್ತಿತ್ತು.

ಮುಜಮ್ಮಿಲ ಒಂದು ದಿನ ತಲೆ ಕೆರೆದುಕೊಂಡು ಹೇಳಿದ: “ಅವ್ವಾರ, ನಾಳಿ ಮುಂಜಾನಿ ನೀವು ಒಲಿ ಹಚ್ಚೂಕಿಂತ ಮೊದ್ಲ ಬರ್ತೇನಿ. ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ. ನಾ ಅದೇನಿ ಅಂತ ಏನೂ ಬದಲ ಮಾಡಬ್ಯಾಡ್ರಿ. ಸುಮ್ಮ ಕೂತು ನೋಡ್ತೇನಿ.”

ಹಾಗೆಯೇ ಬಂದು ಹೊಸ್ತಿಲ ಹತ್ತಿರ ಕೂತ. ಚನ್ನಬಸವ್ವ ಜಳಕ ಮಾಡಿ, ಲಿಂಗಪೂಜೆ ಮುಗಿಸಿ ಬಂದಳು. ನೆಲ ಸಾರಿಸಿದಳು. ನೆನೆಸಿದ ವಿಭೂತಿಯನ್ನು ಮೂರು ಬೆರಳಿಗೆ ತೆಗೆದುಕೊಂಡು ಒಲೆಯ ಮುಂಬದಿಗೆ ಅಡ್ಡಲಾಗಿ ಎಳೆದಳು. ಅತ್ತೆ ಮಣ್ಣಿನ ಒಲೆಗೆ ಹಚ್ಚುತ್ತಿದ್ದಳು, ಇವಳು ಗ್ಯಾಸಿನ ಒಲೆಗೆ ಹಚ್ಚುತ್ತಿದ್ದಳು, ಈಗ ಇದಕ್ಕೆ. ಅನ್ನ ಕೊಡುವ ಒಲೆಗೆ ಹಣೆ ಬರಿದಿರಬಾರದು. ಈ ಒಲೆಯ ಮುಖದ ನಟ್ಟನಡುವೆ ದುಂಡಗೆ ಒಂದು ಗಾಜಿನ ಬಿಲ್ಲೆ ಇತ್ತು. ಹಣೆ ಎಂದರೆ ಅದೇ ಎಂದು ಮೊದಲ ದಿನವೇ ಅವಳು ತೀರ್ಮಾನಿಸಿಬಿಟ್ಟಿದ್ದಳು. ದಪ್ಪಗೆ, ಭಕ್ತಿಯಿಂದ, ಅದರ ಮೇಲೆಯೇ ಎಳೆಯುತ್ತಿದ್ದಳು.

ಮುಜಮ್ಮಿಲ ಎದ್ದು ನಿಂತ. ಏನೋ ಹೇಳಹೋಗಿ ನುಂಗಿಕೊಂಡ. ಒಲೆ ಹೊತ್ತಿತು. ರೊಟ್ಟಿಯ ಸರದಿ ನಡೆಯಿತು. ಸ್ವಲ್ಪ ಹೊತ್ತಿಗೆ ಕೀಂ ಕೀಂ.

“ನೋಡಿದ್ಯಾ?” ಎಂದಳು ಚನ್ನಬಸವ್ವ, ಗೆದ್ದವಳಂತೆ.

“ನೋಡಿದೆರಿ. ಅವ್ವಾರ, ತಪ್ಪ ತಿಳ್ಕೋಬ್ಯಾಡ್ರಿ. ಆ ಗಾಜೈತಲ್ರಿ, ಅದು ಒಲಿ ಕಣ್ಣು. ಒಳಗ ಬೆಂಕಿ ಐತೋ ಇಲ್ಲೋ ಅದು ನೋಡ್ತಿರತೈತಿ. ಕಾಣ್ಲಿಲ್ಲಂದ್ರ ಸ್ವಲ್ಪ ಹೊತ್ತು ಕಾಯ್ದು, ಬೆಂಕಿ ಆರೇತಿ ಅಂತ ತಿಳ್ಕೊಂಡು ಎಲ್ಲಾ ಬಂದ್ ಮಾಡತೈತಿ.” ಅವನು ವಿಭೂತಿಯನ್ನು ಮುಟ್ಟಲಿಲ್ಲ, ಬೆರಳು ತೋರಿಸಿದ ಅಷ್ಟೆ. “ನೀವ ಒರಸ್ರಿ. ನಾ ಒರಸೂದು ಸರಿ ಅಲ್ಲ.”

ಅವಳು ಸೆರಗಿನಿಂದ ಗಾಜನ್ನಷ್ಟೇ ಒರೆಸಿದಳು. ಮತ್ತೆ ಹೊತ್ತಿಸಿದರು. ಒಲೆ ಉರಿಯಿತು, ಉರಿಯುತ್ತಲೇ ಇತ್ತು.

“ಮತ್ತ ನೀ ಬಂದಾಗ ಯಾಕ ಆರ್ತಿರ್ಲಿಲ್ಲ?”

“ನಾ ಬಂದಾಗೆಲ್ಲಾ ಗಾಜು ಫಳಫಳ ಅಂತಿತ್ರಿ.”

ಚನ್ನಬಸವ್ವ ಪೆಚ್ಚಾದಳು. ಹೊರಗಿನವರು ಬರುತ್ತಾರೆಂದರೆ ಒಲೆಯನ್ನು ಹೊಲಸಾಗಿ ಇಡಲಾಗುತ್ತದೆಯೇ? ಅವನು ಬರುವ ಮೊದಲು ಅವಳೇ ಒದ್ದೆ ಅರಿವೆಯಿಂದ ಒಲೆಯನ್ನು ಪೂರಾ ಒರೆಸಿ ಇಡುತ್ತಿದ್ದಳು. ಟೆಂಪೋಗೆ ಏರಿಸುವ ಮೊದಲೂ ಒರೆಸಿದ್ದಳು. ಒಂದು ಕ್ಷಣ ನಗು ಬಂತು. ಆದರೆ ನಗು ಬಾಯಿಗೆ ಬರುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂದು ನಿಂತಿತು.

“ಒಲಿ ಬಂದಾಗಿಂದ ದಿನಾ ವಿಭೂತಿ ಹಚ್ಚೇನಿ ನಾ. ಇಷ್ಟ ದಿನ ಯಾಕ ಆರ್ಲಿಲ್ಲ?”

ಮುಜಮ್ಮಿಲ ಪಾನಾಗಳನ್ನು ಚೀಲಕ್ಕೆ ಹಾಕುತ್ತ, ಮುಖ ಎತ್ತದೆ ಹೇಳಿದ: “ಒಲಿ ಕೂಡಸಾಕ ಬಂದಾಗ ಗಾಜು ಸ್ವಚ್ಛ ಇಡ್ರಿ ಅಂತ ಖಾಲಾಗ ಹೇಳಿದ್ದೆರಿ. ನೀವು ಆಗ ಎಸರಿಡಾಕ ಒಳಗ ಹೋಗಿದ್ರಿ. ಅವ್ರ ದಿನಾ ಒರಸ್ತಿರಬೇಕು.”

ಚನ್ನಬಸವ್ವ ಒಲೆಯ ಕಡೆ ತಿರುಗಿದಳು. ಪ್ರತಿ ಬೆಳಿಗ್ಗೆ ತಾನು ಬೆನ್ನು ತಿರುಗಿಸಿ ಹಿಟ್ಟಿಗೆ ಎಸರು ಸುರಿಯುವಾಗ ರಾಜಬಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗಿನ ತುದಿ ಹಿಡಿದು ಏನೋ ಮಾಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಬೆಂಕಿ ನೋಡುತ್ತಿದ್ದಾಳೆ ಎಂದುಕೊಂಡಿದ್ದಳು. ಬದಿಗಳ ವಿಭೂತಿಯನ್ನು ಹಾಗೆಯೇ ಬಿಟ್ಟು, ಗಾಜಿನಷ್ಟು ಜಾಗವನ್ನು ಮಾತ್ರ ಒರೆಸುತ್ತಿದ್ದಳು ಆಕೆ.

ಅಂದು ಹಿಟ್ಟನ್ನು ಹಾಗೆಯೇ ಮುಚ್ಚಿಟ್ಟು ಚನ್ನಬಸವ್ವ ಬೈರಿದೇವರಕೊಪ್ಪದ ಬಸ್ಸು ಹತ್ತಿದಳು. ಮನಸ್ಸಿನಲ್ಲಿ ಇದ್ದದ್ದು ಒಂದೇ: ಬೈಗುಳ ತಿಂದಾದರೂ ಸರಿ, ಕಾಲು ಹಿಡಿದಾದರೂ ಸರಿ, ನಾಳೆ ಬೆಳಿಗ್ಗೆ ರಾಜಬಿ ಪಕ್ಕದಲ್ಲಿರಬೇಕು.

ರಾಜಬಿ ಬಾಗಿಲು ತೆಗೆದಳು. ಬೈಯಲಿಲ್ಲ. “ಬರ್ರಿ ಅಕ್ಕಾರ” ಎಂದಳು. ಕುರ್ಚಿ ಎಳೆದು ಹಾಕಿದಳು. ಶಾಹೀನ ಕೂಸನ್ನು ತಂದು ಚನ್ನಬಸವ್ವನ ತೊಡೆಯ ಮೇಲೆ ಇಟ್ಟು ಒಳಗೆ ಹೋದಳು. ಕೂಸು ಎಷ್ಟು ಹಗುರವಾಗಿತ್ತೆಂದರೆ ಚನ್ನಬಸವ್ವನಿಗೆ ಕೈ ಆಡಿಸಲು ಭಯವಾಯಿತು.

“ವಿಭೂತಿ ಒರಸ್ತಿದ್ದಿ ಅಂತ ಯಾಕ ಹೇಳ್ಲಿಲ್ಲ ನೀ?”

“ಏನಂತ ಹೇಳ್ಲೆರಿ? ನಿಮ್ಮ ದೇವರದ್ದು ಹಚ್ಚಬ್ಯಾಡ್ರಿ ಅಂತ ನಾ ಹೆಂಗ ಅನ್ಲಿ? ನೀವು ಅಷ್ಟ ಮನಸಿಟ್ಟು ಹಚ್ಚತಿದ್ರಿ. ಕಣ್ಣಿನಷ್ಟ ಒರಸಿದ್ರ ನಿಮ್ಮದೂ ಉಳೀತೈತಿ, ಒಲೀನೂ ಉರಿತೈತಿ ಅಂದ್ಕೊಂಡೆ.”

“ನಂದ ತಪ್ಪಾತು, ರಾಜಬಿ. ಅವತ್ತ ಸಿಟ್ಟಿನ್ಯಾಗ ಅಂದಬಿಟ್ಟೆ. ನಾಳಿಂದ ಬಾ.”

ರಾಜಬಿ ಚಹಾದ ಕಪ್ಪನ್ನು ಅವಳ ಮುಂದೆ ಇಟ್ಟಳು. “ಅವತ್ತಿಂದು ನಾ ಅವತ್ತ ಮರತೇನ್ರಿ. ಬಾಣಂತನ ಮುಗದ ಮ್ಯಾಲ ಬರಾಕಿ ಇದ್ದೆ. ಆಮ್ಯಾಲ ಓಣ್ಯಾಗಿಂದ ಮಾತ ಬಂತು. ನಾ ಒಲಿಗೆ ಏನೋ ಮಾಡಿ ಬಂದೇನಂತ.”

ಚನ್ನಬಸವ್ವ ತಲೆ ತಗ್ಗಿಸಿದಳು.

“ನನ್ನ ಒಂದ ಸಲ ಕೇಳಬೇಕಿತ್ರಿ ನೀವು. ಎಲ್ಲಾರಿಗೂ ಹೇಳಿದ್ರಿ, ನನ್ನ ಕೇಳ್ಲಿಲ್ಲ.”

“ಇನ್ನೊಮ್ಮೆ ಹಂಗ ಅನ್ನೂದಿಲ್ಲ.”

“ಅನ್ನೂದಿಲ್ಲ, ಖರೇ. ಆದ್ರ ನಾಳಿ ಮತ್ತೇನರ ಕೆಟ್ರ ನೀವು ನನ್ನ ಕೈ ನೋಡ್ತೀರಿ. ಇಕಿ ನೋಡಾಕತ್ತಾಳೇನು ಅಂತ ನಾ ನಿಮ್ಮ ಮಾರಿ ನೋಡ್ತೇನಿ. ಹಂಗ ಒಬ್ಬರನ್ನೊಬ್ಬರು ನೋಡಕೋಂತ ಒಂದ ಒಲಿ ಮುಂದ ಕೂಡಾಕ ಆಗೂದಿಲ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚನ್ನಬಸವ್ವ ಅದರೊಂದಿಗೆ ಗುದ್ದಾಡುತ್ತಿದ್ದಳು. “ಚಹಾ ಆರತೈತಿ, ಕುಡೀರಿ.”

ಮರುದಿನ ಬೆಳಿಗ್ಗೆ ಚನ್ನಬಸವ್ವ ವಿಭೂತಿಯನ್ನು ಗಾಜಿನ ಮೇಲ್ಬದಿಗೆ ಎಳೆದಳು. ಒಲೆ ಹೊತ್ತಿತು. ಬಡಿದ ರೊಟ್ಟಿಗೆ ತಾನೇ ನೀರು ಸವರಿದಳು, ತಾನೇ ಮಗುಚಿದಳು. ಬಿಸಿಲೇರಿತು. ಒಲೆ ಒಮ್ಮೆಯೂ ಆರಲಿಲ್ಲ. ಒಮ್ಮೆ ಆರಿದ್ದರೆ ಬೈಯಲಾದರೂ ಬಾಯಿ ತೆರೆಯುತ್ತಿದ್ದಳು. ಫ್ಯಾನಿನ ಗುಂಯ್ ಎನ್ನುವ ಸಪ್ಪಳ ಮನೆ ತುಂಬ ಒಂದೇ ಸಮ ನಡೆದಿತ್ತು.

ಮಧ್ಯಾಹ್ನ ಮುಜಮ್ಮಿಲನ ಫೋನು ಬಂತು.

“ಒಲಿ ಹೆಂಗೈತ್ರಿ ಅವ್ವಾರ?”

“ಉರಿಯಾಕತ್ತೈತಿ.”

“ಆರ್ಲಿಲ್ಲಲ್ರಿ?”

“ಇಲ್ಲ.”

“ಛಲೋ ಆತ್ರಿ. ಇನ್ನ ನಾ ಬರೂ ಕೆಲಸ ಇಲ್ಲ. ಫೋನ್ ಇಡ್ಲೇನ್ರಿ?”

ಇಡಬೇಡ, ಊಟ ಮಾಡಿದ್ಯೋ ಇಲ್ಲೋ, ಏನಾದರೂ ಮಾತಾಡು ಎನ್ನಬೇಕೆಂದು ಅವಳಿಗೆ ಬಹಳ ಅನ್ನಿಸಿತು.

“ಹೂಂ, ಇಡು,” ಎಂದಳು.