ಅತ್ತಿಗೆ ಬಿಚ್ಚದ ಹೊಲಿಗೆ

ಅಳತೆ ಪುಸ್ತಕ ಬರೆಯುವುದು ನನ್ನ ಕೆಲಸ. ಅತ್ತಿಗೆ ಟೇಪು ಹಿಡಿದು ಅಂಕಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಡಿಗ್ರಿ ಮುಗಿಸಿ ಬೇರೆ ಕೆಲಸ ಸಿಗುವವರೆಗೆ ಮನೆಯ ಮುಂದಿನ ಕೋಣೆಯ ಈ ಹೊಲಿಗೆ ಅಂಗಡಿಯಲ್ಲಿ ಕೂತಿರು ಎಂದಿದ್ದ ಅಣ್ಣ. ನನಗೂ ಅದೇ ಹಿತ. ತಲೆ ತಗ್ಗಿಸಿ ಬರೆಯುತ್ತಿದ್ದರೆ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ರಾತ್ರಿ ಡೈರಿಯನ್ನೂ ಬರೆಯುತ್ತೇನೆಂದು ಅತ್ತಿಗೆ ಈ ನಾದಿನಿಯನ್ನು 'ಡೈರಿ' ಎಂದೇ ಕರೆಯುತ್ತಾಳೆ.

ಅತ್ತಿಗೆ ಯಾವ ಬಟ್ಟೆ ಹೊಲಿದರೂ ಪಕ್ಕದ ಹೊಲಿಗೆಗಳ ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಡುತ್ತಾಳೆ. ಗಿರಾಕಿ ಮುಂದೆ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಿಕೊಡಬಹುದು. ಅವಳಿಗೇ ಈಗ ಐದು ತಿಂಗಳು. ತನ್ನ ಬಟ್ಟೆಯ ಒಂದು ಹೊಲಿಗೆಯನ್ನೂ ಬಿಚ್ಚಿರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಮೂರನೇ ತಿಂಗಳಿಗೇ ಅವಸರ ಮಾಡಿ ಐದು ಟಾಪುಗಳನ್ನು ಒಂದೊಂದು ಬೆರಳು ಸಡಿಲಿಸಿ ಹಗ್ಗದ ಮೇಲೆ ಸಾಲಾಗಿ ನೇತುಹಾಕಿದ್ದಳು. ನಾಲ್ಕನೇ ತಿಂಗಳಲ್ಲಿ ಮಗು ಹೋಯಿತು. ಆಸ್ಪತ್ರೆಯಿಂದ ಬಂದ ವಾರಕ್ಕೆ ಆ ಐದನ್ನೂ ಒಂದೇ ಸಮನೆ ಕೂತು ಮತ್ತೆ ಬಿಗಿ ಮಾಡಿದಳು. ಆ ದಿನದ ಡೈರಿಯಲ್ಲಿ ನಾನು ತಾರೀಖು ಬಿಟ್ಟರೆ ಏನೂ ಬರೆದಿಲ್ಲ.

ಈ ಸಲ ಮೈ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು, ಅವಳು ಮಾತ್ರ ಹಿಂದೆಯೇ ನಿಂತಿದ್ದಳು. ಹೊಸ ಬಟ್ಟೆಯ ಗಂಜಿ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಸಂಜೆಯ ಹೊತ್ತಿಗೆ ಪಾದಗಳು ಬಾತು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಬೇಕರಿ ಕೆಲಸ ಮುಗಿಸಿ ಬಂದ ಅಣ್ಣನಿಗೆ ಬಾಗಿಲಲ್ಲೇ ತಡೆ.

"ಮೊದ್ಲು ಸ್ನಾನ ಮಾಡಿ. ಇಡೀ ಒಲೆನೇ ಹೊತ್ಕೊಂಡು ಬಂದಂಗಿದೀರ."

"ಬೇಕರೀಲೇ ಮಾಡ್ಕೊಂಡು ಬಂದೆ ಕಣೇ! ಇನ್ನು ಚರ್ಮ ಸುಲ್ಕೊಂಡು ಬರ್ಬೇಕಷ್ಟೆ."

ಒಮ್ಮೆ ಗುಂಡಿ ಡಬ್ಬಿ ಕೈಜಾರಿ ಚೆಲ್ಲಿದ್ದಕ್ಕೆ ಗಳಗಳನೆ ಅತ್ತಳು. ಮೇಜಿನಡಿ ತೆವಳಿ ಗುಂಡಿ ಹೆಕ್ಕುತ್ತಿದ್ದ ನನ್ನನ್ನು ನೋಡಿ ಮರುಕ್ಷಣವೇ ಬಿದ್ದು ಬಿದ್ದು ನಕ್ಕಳು. ಆದರೆ ಮಗುವಿನ ಮಾತು ಬಂದರೆ ಸಾಕು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡುಬಿಡುತ್ತಿದ್ದಳು. ಉತ್ತರ ತಪ್ಪಿಸಿಕೊಳ್ಳಲು ಹೊಲಿಯುವವರಿಗೆ ಅದಕ್ಕಿಂತ ಒಳ್ಳೆಯ ನೆಪವಿಲ್ಲ. ಎಲ್ಲ ಸರಿಯಾಗಿದೆ, ಬಿಗಿ ಬಟ್ಟೆ ಮಾತ್ರ ಬೇಡ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ಬಟ್ಟೆ ಬದಲಿಸುವಾಗ ಅವಳ ಪಕ್ಕೆಯ ಮೇಲೆ ಹೊಲಿಗೆಯ ಗೆರೆ ಕೆಂಪಗೆ ಮೂಡಿರುತ್ತಿತ್ತು.

ಮೊನ್ನೆ ಮಧ್ಯಾಹ್ನ ನಮ್ಮ ಹಳೆಯ ಗಿರಾಕಿ, ನಿವೃತ್ತ ಟೀಚರಮ್ಮ, ಬಟ್ಟೆ ಒಯ್ಯಲು ಬಂದರು. ಅತ್ತಿಗೆಯನ್ನು ಮೇಲಿಂದ ಕೆಳಗೆ ನೋಡಿದರು.

"ಊರವರ ಮೈಗೆಲ್ಲ ಎರಡು ಬೆರಳು ಜಾಗ ಬಿಡ್ತೀಯ. ನಿನ್ನ ಹೊಟ್ಟೆಗೆ ಮಾತ್ರ ಜೈಲೇನಮ್ಮಾ?"

ಅತ್ತಿಗೆ ಸೂಜಿ ಕಚ್ಚಿಕೊಂಡಳು. ಟೀಚರಮ್ಮ ಹೋದಮೇಲೆ ಅದೆಲ್ಲಿಂದ ಧೈರ್ಯ ಬಂತೋ, ನಾನೇ ಎದ್ದು ಟೇಪು ತೆಗೆದುಕೊಂಡೆ.

"ನಿಂತ್ಕೋ ಅತ್ತಿಗೆ."

"ಏನೇ ಡೈರಿ, ನನ್ನ ಅಳತೆ ತಗೊಳ್ಳೋವಷ್ಟು ದೊಡ್ಡೋಳಾದ್ಯಾ?"

ಪುಸ್ತಕದಲ್ಲಿ ಅವಳದೇ ಪುಟ ತೆರೆದೆ. ಸೊಂಟ ಮೂವತ್ತು ಎಂದಿತ್ತು. ಟೇಪು ಮೂವತ್ತಮೂರೂವರೆ ತೋರಿಸಿತು.

"ಹಳೇದೇ ಇರ್ಲಿ ಬಿಡು," ಎಂದಳು.

"ಟೇಪು ಸುಳ್ಳು ಹೇಳಲ್ಲ ಅಂತ ಗಿರಾಕಿಗಳಿಗೆ ನೀನೇ ಹೇಳೋದಲ್ವಾ?"

ಅವಳು ಸ್ಟೂಲಿನ ಮೇಲೆ ಕುಸಿದಳು. "ಬಿಚ್ಚೋದೇನು ಕಷ್ಟ ಅಲ್ಲ ಕಣೇ. ಆವತ್ತು ಮತ್ತೆ ಹೊಲಿದ್ನಲ್ಲ... ಅದು ಇನ್ನೊಂದ್ಸಲ ನನ್ನ ಕೈಲಾಗಲ್ಲ."

"ನೀನು ಹೊಲಿಯೋದು ಬೇಡ. ಹಾಗೇನಾದ್ರೂ ಆದ್ರೆ ನಾನು ಹೊಲಿತೀನಿ."

"ನೀನಾ? ನಿನ್ನ ಹೊಲಿಗೆ ಹಾವು ಹರಿದಂಗಿರುತ್ತೆ!"

"ಅದಕ್ಕೇ. ಆಮೇಲೆ ಮತ್ತೆ ಬಿಚ್ಚೋಕೂ ಸುಲಭ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು ಹೊಟ್ಟೆಯ ಎಡಕ್ಕೆ ಒತ್ತಿಕೊಂಡಳು. "ಮಿಸುಕಾಡೋಕೆ ಶುರುವಾಗಿ ಒಂದು ವಾರ ಆಯ್ತು. ಯಾರಿಗೂ ಹೇಳಿಲ್ಲ, ನಿಮ್ಮಣ್ಣಂಗೂ. ಬಾಬಿನ್‌ಗೆ ದಾರ ಸುತ್ತೋವಾಗ ಬೆರಳಿಗೆ ಗುರುಗುರು ಅನ್ನುತ್ತಲ್ಲ, ಹಂಗೆ."

ನನ್ನ ಕೈಗೆ ಏನೂ ತಿಳಿಯಲಿಲ್ಲ. ಆದರೂ ತೆಗೆಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಒಳಗೆ ಹೋಗಿ ಅಣ್ಣನ ಅಂಗಿ ಹಾಕಿಕೊಂಡು ಬಂದಳು. ತೊಟ್ಟಿದ್ದ ನೀಲಿ ಟಾಪನ್ನೂ ಬ್ಲೇಡನ್ನೂ ನನ್ನ ಕೈಗೆ ಕೊಟ್ಟಳು. ಆ ಐದರಲ್ಲಿ ಒಂದು ಅದು. ನಾನು ಒಂದೊಂದೇ ದಾರ ಕತ್ತರಿಸಿದೆ. ಒಳಗೆ ಮಡಚಿದ್ದ ಬಟ್ಟೆ ಬಿಸಿಲು ಕಾಣದೆ ಹೊಸದರಷ್ಟೇ ಗಾಢವಾಗಿ ಉಳಿದಿತ್ತು. ಅದರ ಮೇಲೆ ಹಿಂದಿನ ಸಲದ ಸೂಜಿಯ ಸಣ್ಣ ತೂತುಗಳ ಸಾಲು. ಅತ್ತಿಗೆ ಅದನ್ನು ಬೆರಳಿಂದ ಮೆಲ್ಲಗೆ ಸವರಿದಳು.

"ಇದರ ಮೇಲೇ ಹೊಲೀಲಾ?" ಕೇಳಿದೆ.

"ಬೇಡ. ಅದು ಅದರ ಪಾಡಿಗೆ ಇರ್ಲಿ," ಎಂದಳು. ಸೀಮೆಸುಣ್ಣ ತೆಗೆದುಕೊಂಡು ಆ ಸಾಲಿನಿಂದ ಅರ್ಧ ಬೆರಳು ಆಚೆಗೆ ಗೆರೆ ಎಳೆದಳು. "ಇದಕ್ಕೆ ಇಷ್ಟು ಬೇಕು."

ನಾನೇ ಹೊಲಿದೆ. ಹಾವು ಹರಿದಂತೆಯೇ ಬಂತು. ಸಂಜೆ ಅವಳು ಅದನ್ನೇ ಹಾಕಿಕೊಂಡು ಹೋಗಿ ಬಾಗಿಲು ತೆರೆದಳು. ಅಣ್ಣ ಅಭ್ಯಾಸದಂತೆ ಎರಡು ಹೆಜ್ಜೆ ದೂರದಲ್ಲೇ ನಿಂತ.

"ಸ್ನಾನ ಆಮೇಲೆ ಮಾಡಿದ್ರಾಯ್ತು," ಎಂದಳು ಅತ್ತಿಗೆ, ಮೂಗು ಮುಚ್ಚಿಕೊಂಡು. "ಕೈ ತೊಳ್ಕೊಂಡು ಬೇಗ ಬನ್ನಿ ಇಲ್ಲಿ."