ಕಾಲು ಕಡಿದ ಮೇಜು

ಅಂಗಡಿಯಿದ್ದ ಕಟ್ಟಡವನ್ನು ಕೆಡವುತ್ತಾರೆ ಎಂದಾಗ ಅಕ್ಕನಿಗೆ ಒಂದೇ ಏಟಿಗೆ ಎರಡು ನೆಲೆ ತಪ್ಪಿದವು. ಕೆಳಗೆ ಇಪ್ಪತ್ತೆಂಟು ವರ್ಷ ಬಟ್ಟೆ ಹೊಲಿದ ಅಂಗಡಿ, ಮೇಲೆ ಅಷ್ಟೇ ವರ್ಷ ಒಬ್ಬಳೇ ಮಲಗಿದ ಕೋಣೆ. ತಂಗಿ ಫೋನಿನಲ್ಲಿ, "ಸುಮ್ಮನೆ ನಮ್ಮನೆಗೆ ಬಂದುಬಿಡು" ಎಂದಿದ್ದಳು. ಅಕ್ಕ ಕೇಳಿದ್ದು ಒಂದೇ ಮಾತು.

"ಕೆಲಸ ಮಾಡೋಕೆ ಜಾಗ ಇರತ್ತಾ?"

"ಮೇಜು ಕಳಿಸು. ಜಾಗ ನನಗೆ ಬಿಡು."

ಐವತ್ತಾರನೆಯ ವಯಸ್ಸಿನಲ್ಲಿ ಇನ್ನೊಬ್ಬರ ಮನೆಯಲ್ಲಿ ಕೂತು ಉಣ್ಣುವ ನೆಂಟಳಾಗುವುದಕ್ಕಿಂತ ದೊಡ್ಡ ಹೆದರಿಕೆ ಅವಳಿಗೆ ಬೇರೆ ಇರಲಿಲ್ಲ. ಕೈಯಲ್ಲಿ ಕೆಲಸವಿದ್ದರೆ ಯಾವ ಮನೆಯಾದರೂ ಸರಿ. ಆಸ್ಪತ್ರೆಯ ದಾದಿಯರಿಗೆ ನಲವತ್ತು ಬಿಳಿ ಕೋಟು ಹೊಲಿದುಕೊಡಲು ಒಪ್ಪಿಕೊಂಡೇ ಅವಳು ಹೊರಟಿದ್ದಳು.

ಸಾಮಾನು ವಾರ ಮೊದಲೇ ಹೋಗಿತ್ತು. ಅಕ್ಕ ಕೊನೆಯ ಚೀಲ ಹೊತ್ತು ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಅವಳ ಉಸಿರು ಅವಳಿಗಿಂತ ಎರಡು ಮೆಟ್ಟಿಲು ಹಿಂದೆ ಉಳಿದಿತ್ತು. ಬಾಗಿಲು ತೆಗೆದ ತಂಗಿಯ ಮುಖದಲ್ಲಿ ಬಚ್ಚಿಟ್ಟ ಸಂತೋಷ.

"ಕಣ್ಣು ಮುಚ್ಚು."

"ಮುಚ್ಚೋದೇನು, ಅದಾಗೇ ಮುಚ್ಚಿಕೊಳ್ತಿದೆ ಕಣೇ. ಮೊದಲು ಕೂತ್ಕೋತೀನಿ."

ಕೂರಲಿಲ್ಲ. ನೋಡಿದಳು. ತಂಗಿಯ ಬೂದುಬಣ್ಣದ ಸೋಫಾದ ಪಕ್ಕ ತನ್ನ ಬೆತ್ತದ ಕುರ್ಚಿ, ಗಾಜಿನ ಟೀಪಾಯಿಯ ಹಿಂದೆ ತನ್ನ ಕಬ್ಬಿಣದ ಟ್ರಂಕು, ತೆಳು ಪ್ಲೈವುಡ್ಡಿನ ಷೋಕೇಸಿಗೆ ಭುಜ ಕೊಟ್ಟು ನಿಂತ ತನ್ನ ಕನ್ನಡಿ ಬೀರು. ಮದುವೆಮನೆಯಲ್ಲಿ ಎರಡು ಕಡೆಯ ಬೀಗರು ಒಂದೇ ಸಾಲಿನಲ್ಲಿ ಕೂತು ಮಾತು ಹೊಳೆಯದೆ ಗೋಡೆ ನೋಡುವ ಹಾಗೆ ಕಾಣುತ್ತಿತ್ತು. ನಡುವೆ, ಕಿಟಕಿಯ ಬೆಳಕಿಗೆ, ಅವಳ ತೇಗದ ಮೇಜು. ಸುತ್ತ ತಂಗಿಯ ಆರು ಸ್ಟೀಲ್ ಕುರ್ಚಿಗಳು.

ಅಕ್ಕ ಹತ್ತಿರ ಹೋಗಿ ಎಂದಿನಂತೆ ಅಂಚಿಗೆ ಒರಗಿದಳು. ಸೊಂಟಕ್ಕೆ ತಾಗಬೇಕಾಗಿದ್ದ ಅಂಚು ತೊಡೆಗೆ ತಾಗಿತು. ಮೆಟ್ಟಿಲು ಹತ್ತಿದ್ದಕ್ಕೆ ತಲೆ ತಿರುಗುತ್ತಿದೆಯೇನೋ ಎಂದುಕೊಂಡಳು. ಬಗ್ಗಿ ನೋಡಿದರೆ ಕಪ್ಪು ಕಾಲುಗಳ ತುದಿಯಲ್ಲಿ ಹೊಸ ಗರಗಸದ ಗುರುತು.

"ಆರು ಇಂಚು ತೆಗೆಸಿದೆ," ಎಂದಳು ತಂಗಿ. "ಮೊಬೈಲಲ್ಲಿ ಒಬ್ಬಳು ಹೇಳ್ತಾಳೆ, ಹಳೇದು ಹೊಸದು ಒಂದೇ ಮನೇಲಿ ಹೊಂದಬೇಕು ಅಂದ್ರೆ ಎತ್ತರ ಒಂದೇ ಇರಬೇಕಂತೆ. ಈಗ ಎಲ್ಲರೂ ನಿನ್ನ ಮೇಜಲ್ಲೇ ಊಟ ಮಾಡಬಹುದು. ಹೇಗಿದೆ?"

ಅದು ನಿಂತು ಬಟ್ಟೆ ಕತ್ತರಿಸುವ ಮೇಜು. ಆ ಎತ್ತರದಿಂದಲೇ ಇಪ್ಪತ್ತೆಂಟು ವರ್ಷ ಅವಳ ಬೆನ್ನು ಉಳಿದಿತ್ತು. ಆದರೆ ಈ ಅಕ್ಕತಂಗಿಯರನ್ನು ಬೆಳೆಸಿದ ತಾಯಿ, ಕೊಟ್ಟಿದ್ದಕ್ಕೆ ಕೊಂಕು ನುಡಿಯಬಾರದು ಎಂಬುದನ್ನು ಅನ್ನದ ಜೊತೆ ಕಲಸಿ ತಿನ್ನಿಸಿದ್ದಳು.

"ಚೆನ್ನಾಗಿದೆ," ಎಂದಳು ಅಕ್ಕ.

ಮರುದಿನದಿಂದ ಹೊಸ ದಿನಚರಿ. ತಿಂಡಿಯ ತಟ್ಟೆ ಎತ್ತಿ, ಮೇಜು ಎರಡು ಸಲ ಒರೆಸಿ, ಬಟ್ಟೆ ಹಾಸುವಷ್ಟರಲ್ಲಿ ಬೆಳಗು ಮುಗಿಯುತ್ತಿತ್ತು. ಮಧ್ಯಾಹ್ನ ಮತ್ತೆ ಎಲ್ಲ ಮಡಚಿ, ಊಟವಾದ ಮೇಲೆ ಮತ್ತೆ ಹಾಸಬೇಕು. ಬಗ್ಗಿ ಬಗ್ಗಿ ಸೊಂಟದಲ್ಲಿ ಯಾರೋ ಸೂಜಿ ಮರೆತು ಹೋದ ಹಾಗೆ ನೋವು. ಮಂಡಿಯೂರಿ ನೋಡಿದಳು, ಸ್ಟೀಲ್ ಕುರ್ಚಿಯಲ್ಲಿ ಕೂತು ನೋಡಿದಳು. ಕೂತವಳ ಕತ್ತರಿ ಎಷ್ಟು ದೂರ ಹೋದೀತು?

ಔಷಧಿ ಅಂಗಡಿ ಇಟ್ಟಿದ್ದ ತಂಗಿಯ ಗಂಡ ಒಮ್ಮೆ ಅವಳನ್ನು ನೋಡಿ, "ಅತ್ತಿಗೆ, ಏನು ಕಳ್ಕೊಂಡ್ರಿ? ನಾನೂ ಹುಡುಕ್ಲಾ?" ಎಂದ.

"ನನ್ನ ಬೆನ್ನು" ಎನ್ನಬೇಕೆಂದಿದ್ದಳು. "ಗುಂಡಿ ಬಿತ್ತು" ಎಂದಳು. ಪಾಪ, ಅವನು ಇಲ್ಲದ ಗುಂಡಿಯನ್ನು ಸೋಫಾದ ಕೆಳಗೆಲ್ಲ ಹುಡುಕಿದ.

ಒಂಬತ್ತನೆಯ ದಿನ ಕತ್ತರಿ ಜಾರಿತು. ಹನ್ನೆರಡು ಪದರ ಬಟ್ಟೆ ಒಂದರ ಮೇಲೊಂದು ಇಟ್ಟು ಕುತ್ತಿಗೆಯ ಸುತ್ತು ಕತ್ತರಿಸುವಾಗ ಅಂಚುಗಳು ಸರಿಯಾಗಿ ಕೂತಿವೆಯೇ ಎಂದು ನೆಟ್ಟಗೆ ನಿಂತು ಸುತ್ತಲೂ ಕಣ್ಣು ಹಾಯಿಸಬೇಕು. ಬಗ್ಗಿದವಳಿಗೆ ಕಂಡದ್ದು ಮೇಲಿನ ಪದರ ಮಾತ್ರ. ಬಿಡಿಸಿ ನೋಡಿದರೆ ಹನ್ನೆರಡೂ ಕುತ್ತಿಗೆ ಸೊಟ್ಟ. ಅವಳ ಕೈಯಿಂದ ಇಂಥದ್ದು ಹಿಂದೆ ಯಾವತ್ತೂ ಆಗಿರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಅದಿಲ್ಲದೆ ಅವಳು ಕತ್ತರಿ, ಟೇಪು, ಸೀಮೆಸುಣ್ಣ ಎಲ್ಲ ಒಟ್ಟುಮಾಡಿ ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದಳು. ಆಯಿತು, ಇನ್ನು ನೆಂಟಳೇ.

ಮುಚ್ಚಳದ ಸದ್ದಿಗೆ ತಂಗಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

"ಎಲ್ಲಿಗೆ ಹೊರಟೆ?"

"ಎಲ್ಲಿಗೆ ಹೋಗ್ಲೇ? ಕೆಲಸ ಬಿಟ್ಟೆ, ಅಷ್ಟೆ. ಕೈ ಕೇಳ್ತಿಲ್ಲ."

ತಂಗಿ ಸೊಟ್ಟ ಬಟ್ಟೆಗಳನ್ನು ನೋಡಿದಳು, ಸೊಂಟ ಹಿಡಿದು ನಿಂತ ಅಕ್ಕನನ್ನು ನೋಡಿದಳು. ಆಮೇಲೆ ಮೇಜಿನ ಪಕ್ಕ ಹೋಗಿ, ಕತ್ತರಿಸುವವಳ ಹಾಗೆ ತಾನೇ ಒಮ್ಮೆ ಬಗ್ಗಿದಳು. ಸೊಂಟಕ್ಕೆ ಕೈ ಕೊಟ್ಟು ಎದ್ದಳು.

"ಬಂದ ದಿನಾನೇ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಪ್ರೀತಿಯಿಂದ ಮಾಡಿಸಿದ್ದೆ."

"ಪ್ರೀತಿ ಮನೆ ಹಾಳಾಗ! ಒಂದು ಮಾತು ಬೈಯೋಕೆ ಏನು ಕಷ್ಟ ನಿನಗೆ?" ತಂಗಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದಿದ್ದವು.

"ನೀನು ಎಲ್ಲ ಹೇಳ್ತೀಯೇನೋ, ಹರಿಶ್ಚಂದ್ರನ ಮೊಮ್ಮಗಳು!"

ತಂಗಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಮುಂಗಾಲಿನ ಮೇಲೆ ಮೂರು ನೀಲಿ ಕಲೆ, ಒಂದು ಹಳದಿಗೆ ತಿರುಗಿದ್ದು.

"ನಿನ್ನ ಟ್ರಂಕು. ದಿನಾ ಒಂದು ಸಲ ಹೊಡಿಯತ್ತೆ. ಆ ಕನ್ನಡಿ ಬೀರು ಇದೆಯಲ್ಲ, ಬೆಳಿಗ್ಗೆ ಎದ್ದು ಬಂದ್ರೆ ಯಾರೋ ನಿಂತಿದ್ದಾರೆ ಅಂತ ಎದೆ ಧಸಕ್ ಅನ್ನತ್ತೆ."

"ಮತ್ತೆ ಹೇಳಬಾರದಿತ್ತಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಮ್ಮ ಸತ್ತು ಹದಿನೈದು ವರ್ಷವಾದರೂ ಅವಳ ಮಾತಿಗೆ ಇನ್ನೂ ಸಾವಿರಲಿಲ್ಲ.

ಸಂಜೆ ತಂಗಿ ಅದೇ ಬಡಗಿಯನ್ನು ಕರೆಸಿದಳು. ಮೇಜು ನೋಡಿದವನೇ, "ಆವತ್ತೇ ಬಡ್ಕೊಂಡೆ ಅಮ್ಮಾ, ಇದು ಊಟದ ಮೇಜಿನ ಜಾತಿ ಅಲ್ಲ ಅಂತ. ಕೇಳಿದ್ರಾ?" ಎಂದ.

"ಕೇಳಲಿಲ್ಲ. ಕಡಿದ ತುಂಡು ಇದೆಯಾ?" ಎಂದಳು ತಂಗಿ.

"ತೇಗ ಯಾರಾದ್ರೂ ಬಿಸಾಕ್ತಾರಾ? ಮೂರು ಇದೆ. ನಾಲ್ಕನೇದು ನಮ್ಮನೆ ಮಂಚದ ಕೆಳಗೆ. ತೆಗೆದ್ರೆ ಹೆಂಡ್ತಿ ಒಂದು ಕಡೆ ಉರುಳಿ ಹೋಗ್ತಾಳೆ, ಆಮೇಲೆ ನನ್ನೂ ಉರುಳಿಸ್ತಾಳೆ."

ನಾಲ್ಕನೆಯದಕ್ಕೆ ಯಾವುದೋ ಬಿಳಿಮರದ ತುಂಡು ತಂದ. ತುದಿಗಳಿಗೆ ತೂತು ಕೊರೆದು, ಮರದ ಗೂಟ ಕೂರಿಸಿ, ಅಂಟು ಹಾಕಿ ಬಿಗಿದ. ಮರುದಿನ ಬೆಳಿಗ್ಗೆ ಮೇಜನ್ನು ಎತ್ತಿ ನಿಲ್ಲಿಸಿದಾಗ ಮೂರು ಕಾಲಿಗೆ ಕಪ್ಪು ಪಾದ, ಒಂದಕ್ಕೆ ಬಿಳಿ. ಬೆಕ್ಕಿನ ಕಾಲಿನ ಹಾಗೆ.

"ಅಯ್ಯೋ, ಅದೊಂದಕ್ಕೆ ಬಣ್ಣ ಹೊಡೆಸ್ತೀನಿ," ಎಂದಳು ತಂಗಿ.

"ಬಣ್ಣ ಒಣಗೋ ತನಕ ಯಾರೇ ಕಾಯ್ತಾರೆ? ಇರಲಿ ಬಿಡು."

ತಂಗಿಯ ಗಂಡ ತಿಂಡಿಯ ತಟ್ಟೆ ಹಿಡಿದು ಬಂದ. ಕುರ್ಚಿಯಲ್ಲಿ ಕೂತರೆ ಮೇಜು ಅವನ ಎದೆಮಟ್ಟಕ್ಕೆ ಬರುತ್ತಿತ್ತು. ಎದ್ದು ಹೋಗಿ ಗೋಡೆಗೆ ಸರಿಸಿದ ಟ್ರಂಕಿನ ಮೇಲೆ ಕೂತ.

ಅಕ್ಕ ಬಿಳಿ ಬಟ್ಟೆ ಹಾಸಿ ಮೇಜಿಗೆ ಒರಗಿದಳು. ಅಂಚು ಸೊಂಟಕ್ಕೆ ತಾಗಿತು. ಇನ್ನೂ ಇಪ್ಪತ್ತೊಂದು ಕೋಟು ಬಾಕಿ, ಬೆನ್ನಿನ ನೋವು ಹೋಗಿರಲಿಲ್ಲ. ಖುಷಿಯಾಗಿರಬೇಕು, ಆದರೆ ಅದನ್ನು ವಿಚಾರಿಸಲು ಪುರುಸೊತ್ತಿರಲಿಲ್ಲ. ಬಟ್ಟೆಯ ಇನ್ನೊಂದು ತುದಿಯನ್ನು ತಂಗಿ ಹಿಡಿದಳು.

"ಒಂದು ಕೊಂಕು ನುಡೀಲಾ?" ಎಂದಳು ಅಕ್ಕ.

"ನುಡಿ."

"ಜಾಸ್ತಿ ಎಳೀತಿದ್ದೀಯ. ಸ್ವಲ್ಪ ಬಿಡು."

ತಂಗಿ ಸ್ವಲ್ಪ ಬಿಟ್ಟಳು.