ಶಾಂತಯ್ಯನವರ ಪತ್ರಿ ಗಿಡ

ಗೌರಕ್ಕನ ಮೈದುನನ ಮಗ ಬಸವಕಿರಣ ಹಿತ್ತಲಿನ ಬಿಲ್ವಪತ್ರಿ ಗಿಡಕ್ಕೆ ಏಣಿ ಆನಿಸಿ, ಕುಡಗೋಲು ಹಿಡಿದು ಅರ್ಧ ಹತ್ತಿದವನು ಅಲ್ಲೇ ನಿಂತ.

“ದೊಡ್ಡವ್ವಾ, ಕಡೀಲೇನು? ಮಣ್ಣ ಮಾಡೂ ಕುಣಿಯಾಗ ದೊಡ್ಡಪ್ಪನ ಸುತ್ತ ತುಂಬಾಕ ಬುಟ್ಟಿಗಟ್ಲೆ ಪತ್ರಿ ಬೇಕಂತ. ಅಯ್ನೋರು ಅವಸರ ಮಾಡಾಕತ್ತಾರ.”

ಗೌರಕ್ಕ ಒಳಗೆ ತಿರುಗಿ ನೋಡಿದಳು. ಪಡಸಾಲೆಯಲ್ಲಿ ತೀರಿಕೊಂಡ ಗಂಡ ಶಾಂತಯ್ಯನವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಸತ್ತೂರಿನ ಆಸ್ಪತ್ರೆಯಲ್ಲಿ ವಾರಗಟ್ಟಲೆ ಕೆಟ್ಟ ನಿದ್ದೆ ಅವಳ ಕಣ್ಣಲ್ಲಿತ್ತು. ಅಳುವುದಕ್ಕೂ ತ್ರಾಣ ಬೇಕು, ಅದೂ ಉಳಿದಿರಲಿಲ್ಲ. ಆ ಗಿಡದ ಒಂದೆಲೆಯನ್ನೂ ಅವರು ಬದುಕಿರುವ ತನಕ ಯಾರಿಗೂ ಹರಿಯಗೊಟ್ಟಿರಲಿಲ್ಲ.

*

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಶಾಂತಯ್ಯನವರಿಗೆ ಆ ಗಿಡದಲ್ಲಿ ಒಂದು ಪತಂಗ ಸಿಕ್ಕಿತ್ತು. ಪತಂಗವಾಗಿ ಹುಟ್ಟಿಯೂ ಹಾಡಹಗಲೇ ಹಾರುವ, ಇಟ್ಟಿಗೆ ಬಣ್ಣದ ಸಣ್ಣ ಜೀವ. ಪುಸ್ತಕಗಳಲ್ಲಿ ಅದರ ಬಗ್ಗೆ ಒಂದೆರಡು ಸಾಲು ಬಿಟ್ಟರೆ ಏನೂ ಇರಲಿಲ್ಲ. ಅದರ ಹುಳ ತಿನ್ನುವುದು ಪತ್ರಿ ಎಲೆಯನ್ನೇ. ಮುಗಿಯಿತು, ಗಿಡ ಹುಳದ ಪಾಲಾಯಿತು, ಮನೆಯ ರವಿವಾರಗಳೂ ಅದರ ಪಾಲಾದವು.

ಶಿವರಾತ್ರಿಗೆ ಎದುರು ಮನೆಯ ಉಡಚವ್ವ ತಾಟು ಹಿಡಿದು ಬಂದರೆ ಕೈಮುಗಿದು ಬರಿಗೈಯಲ್ಲಿ ಕಳಿಸಿದರು.

“ದೇವರ ಪತ್ರಿ ಹುಳಕ್ಕ ಮೀಸಲೇನ್ರಿ? ಸಾಯೂ ಮುಂದ ಆ ಹುಳಾನ ಬಂದು ಬಾಯಾಗ ನೀರ ಬಿಡ್ತಾವೇನು?” ಎಂದು ಬೈದು ಹೋದವಳು ಮತ್ತೆ ಆ ಮನೆಯ ಮೆಟ್ಟಿಲು ತುಳಿಯಲಿಲ್ಲ. ಹಿತ್ತಲಲ್ಲಿ ಗಿಡವಿದ್ದೂ ಗೌರಕ್ಕ ತನ್ನ ಪೂಜೆಗೆ ಪೇಟೆಯ ಪತ್ರಿ ತರಬೇಕಾಯಿತು. ಓಣಿಯ ಬಾಯಿಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು.

“ಹಗಲ ಹಾರ್ತದಂತ ಇಷ್ಟೆಲ್ಲಾ ಯಾಕ್ರಿ?” ಎಂದು ಒಮ್ಮೆ ಕೇಳಿದ್ದಳು.

“ಯಾಕ ಹಾರ್ತದ ಅನ್ನೂದು ಇನ್ನೂ ತಿಳಿದಿಲ್ಲ, ಗೌರಾ,” ಎಂದು ಅವರು ಕೂಸಿನಂತೆ ನಕ್ಕಿದ್ದರು.

*

“ಕಡಿ,” ಅಂದಳು ಗೌರಕ್ಕ. “ಅವರ ಹೋದ ಮ್ಯಾಲೆ ಇನ್ನ ಯಾರ ಸಲುವಾಗಿ ಕಾಯೂದು?”

ಒಂದು ಟೊಂಗೆ ಬಿತ್ತು. ಎಷ್ಟೋ ವರ್ಷದ ಮೇಲೆ ಇವತ್ತೇ ಮೆಟ್ಟಿಲು ಹತ್ತಿ ಬಂದಿದ್ದ ಉಡಚವ್ವ ಒಮ್ಮೆಲೇ ಚೀರಿದಳು.

“ಏ, ಇಳಿಯೋ ತಮ್ಮಾ! ನನಗ ಕೊಡದ ಪತ್ರಿ ಅವರಿಗೂ ಬ್ಯಾಡ. ಇಷ್ಟ ವರ್ಷ ಹಟ ಹಿಡಿದಾರ. ಕಡೀ ದಿನ ಅದನ್ನ ನಾವು ಮುರೀಬಾರದ್ರಿ, ಗೌರಕ್ಕ.”

ಖಾಲಿ ಬುಟ್ಟಿ ಎತ್ತಿಕೊಂಡು ಅವಳು ಓಣಿಗೆ ಇಳಿದಳು. ಒಂದೊಂದು ಮನೆಯ ಮುಂದೂ ಅವಳ ದನಿ ಕೇಳುತ್ತಿತ್ತು: “ಶಾಂತಯ್ಯನೋರಿಗೆ ಪತ್ರಿ ಹಾಕ್ರವ್ವಾ...”

ಬುಟ್ಟಿ ತುಂಬಿಸಿಕೊಂಡು ಅವಳು ಬರುವ ಹೊತ್ತಿಗೆ ಶಾಂತಯ್ಯನವರನ್ನು ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಕೂರಿಸಿ ಆಗಿತ್ತು. ಹೆಗಲು ಕೊಡುವವರು ಸಿದ್ಧರಾಗಿದ್ದರು. ಗೌರಕ್ಕ ಮಾತ್ರ ಕಾಣಲಿಲ್ಲ. ಬಸವಕಿರಣ ಹಿತ್ತಲಿಗೆ ಓಡಿದ.

“ದೊಡ್ಡವ್ವಾ, ಎಲ್ಲಾರೂ ಕಾಯಾಕತ್ತಾರ.”

“ಕಾಯಲಿ.”

ಕಡಿದ ಟೊಂಗೆಯನ್ನು ಎರಡೂ ಕೈಯಿಂದ ಎತ್ತಿ ಗಿಡಕ್ಕೆ ತಾಗಿಸಿಕೊಂಡು ನಿಂತಿದ್ದಳು. ಟೊಂಗೆಯಿಂದ ಒಂದು ಹುಳ ಆಗಲೇ ಗಿಡಕ್ಕೆ ದಾಟಿತ್ತು. ಇನ್ನೊಂದು, ಯಾವ ಅವಸರವೂ ಇಲ್ಲದೆ, ಅರ್ಧ ದಾರಿಯಲ್ಲಿತ್ತು.